ಫ್ರೀ ಸರ್ವಿಸ್‌ಗೆ 1,640 ರೂಪಾಯಿ ಬಿಲ್ ಯಾಕೆ?

ಪ್ರಶ್ನೆ: ಆರು ತಿಂಗಳ ಹಿಂದೆ 125 ಸಿಸಿಯ ಹೊಸ ಬೈಕ್ ತೆಗೆದುಕೊಂಡೆ. ಕೆಲಸ ದಾವಣಗೆರೆಯಲ್ಲಿ, ಹಳ್ಳಿಯಿಂದ ದಿನಾ ಓಡಾಟ. ಈಗ 6,100 ಕಿ.ಮೀ. ಆಗಿದೆ. ಮೂರನೇ ಫ್ರೀ ಸರ್ವಿಸ್‌ಗೆ ಶೋರೂಮಿನಲ್ಲಿ ಬಿಟ್ಟು ಸಂಜೆ ಹೋದರೆ 1,640 ರೂ. ಬಿಲ್ ಕೈಗಿಟ್ಟರು. ಇಂಜಿನ್ ಆಯಿಲ್ 430, ವಾಷರ್ 20, ಚೈನ್ ಕ್ಲೀನಿಂಗ್ ಮತ್ತು ಲೂಬ್ 140, ಇಂಜಿನ್ ಫ್ಲಶ್ 260, ಟೆಫ್ಲಾನ್ ಪಾಲಿಶ್ 500, ಪೆಟ್ರೋಲಿಗೆ ಹಾಕುವ ಅಡಿಟಿವ್ 190, ಕನ್ಸ್ಯೂಮಬಲ್ಸ್ 100. ಫ್ರೀ ಅಂದ ಮೇಲೆ ಇಷ್ಟೇಕೆ? ನಮ್ಮೂರಿನ ಮೆಕ್ಯಾನಿಕ್ ಆಯಿಲ್ ಖರ್ಚು ಬಿಟ್ಟು 250 ರೂ.ಗೆ ಮಾಡಿಕೊಡುತ್ತೇನೆ ಅನ್ನುತ್ತಾನೆ. ಅವನಲ್ಲಿ ಮಾಡಿಸಿದರೆ ವಾರಂಟಿ ಹೋಗುತ್ತದೆಯೆ? ಫ್ರೀ ಸರ್ವಿಸ್ ಎಲ್ಲ ಮುಗಿದ ಮೇಲೆ ವರ್ಷಕ್ಕೆ ಎಷ್ಟು ದುಡ್ಡು ತೆಗೆದಿಡಬೇಕು?

ಉತ್ತರ: ನಿಮ್ಮ ಬಿಲ್ಲಿನಲ್ಲಿ ಆಯಿಲ್ ಮತ್ತು ವಾಷರ್‌ನ 450 ರೂ. ಕೊಡಲೇಬೇಕಾದದ್ದು. ಚೈನ್‌ನ 140 ರೂ. ಕೆಲಸ ಸರಿಯಾಗಿ ಆಗಿದ್ದರೆ ಒಪ್ಪಬಹುದು. ಫ್ಲಶ್, ಪಾಲಿಶ್, ಅಡಿಟಿವ್ ಮೂರೂ ಸೇರಿ 950 ರೂ. ನಿಮ್ಮ ಬೈಕಿಗೆ ಬೇಕೇ ಇರಲಿಲ್ಲ. ಕನ್ಸ್ಯೂಮಬಲ್ಸ್ ಹೆಸರಿನ 100 ರೂ. ಯಾವುದಕ್ಕೆ ಎಂದು ಅಲ್ಲೇ ಕೇಳಬೇಕಿತ್ತು. ಅಂದರೆ ಅರ್ಧಕ್ಕಿಂತ ಹೆಚ್ಚು ದುಡ್ಡು ಬೇಡದ ಕೆಲಸಕ್ಕೆ ಹೋಗಿದೆ. ಹಾಗಂತ ಶೋರೂಮಿನ ಸರ್ವಿಸನ್ನೇ ಬಿಟ್ಟುಬಿಡಿ ಎಂದು ಹೇಳುವುದಿಲ್ಲ. ವಾರಂಟಿ ಇರುವಷ್ಟು ಕಾಲ ಅಲ್ಲಿಗೇ ಹೋಗಿ, ಆದರೆ ಮ್ಯಾನುಯಲ್‌ನಲ್ಲಿ ಬರೆದಷ್ಟೇ ಮಾಡಿಸಿ ಎಂಬುದು ನನ್ನ ಸಲಹೆ.

ಮೊದಲು ‘ಫ್ರೀ’ ಎಂಬ ಮಾತು. ಹೊಸ ಬೈಕಿನ ಜೊತೆ ಬರುವ ಕೂಪನ್ನುಗಳಲ್ಲಿ ಫ್ರೀ ಇರುವುದು ಕೂಲಿ ಮಾತ್ರ, ಅಂದರೆ ಲೇಬರ್ ಚಾರ್ಜ್. ಆಯಿಲ್, ಫಿಲ್ಟರ್, ವಾಷರ್, ಗ್ರೀಸ್, ಸವೆದ ಬಿಡಿಭಾಗ ಇವೆಲ್ಲ ಗಿರಾಕಿಯದೇ ಖರ್ಚು. ಸರ್ವಿಸ್ ಪುಸ್ತಕದಲ್ಲಿ ಇದು ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತದೆ, ಮಾರುವಾಗ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದೊಂದು ಕೂಪನ್ನಿಗೂ ಕಂಪನಿ ಡೀಲರಿಗೆ ಇಂತಿಷ್ಟು ಅಂತ ಕೊಡುತ್ತದೆ. ಪೇಯ್ಡ್ ಸರ್ವಿಸ್‌ನಲ್ಲಿ ಸಿಗುವ ಕೂಲಿಗೆ ಹೋಲಿಸಿದರೆ ಅದು ಕಡಿಮೆ. ಹೊಸ ಗಾಡಿ ಮಾರಿದ್ದರಲ್ಲೂ ಡೀಲರಿಗೆ ಉಳಿಯುವುದು ತೆಳ್ಳಗೆ. ಹಾಗಾಗಿ ವರ್ಕ್‌ಶಾಪಿನ ಆದಾಯ ನಿಂತಿರುವುದು ಆಯಿಲ್, ಬಿಡಿಭಾಗ ಮತ್ತು ‘ವ್ಯಾಲ್ಯೂ ಆಡೆಡ್ ಸರ್ವಿಸ್’ ಎಂದು ಅವರು ಕರೆಯುವ ಪಾಲಿಶ್, ಫ್ಲಶ್, ಕೋಟಿಂಗ್‌ಗಳ ಮೇಲೆ. ನಿಮ್ಮ ಮುಂದೆ ಕೂತ ಸರ್ವಿಸ್ ಅಡ್ವೈಸರಿಗೆ ಇವುಗಳ ತಿಂಗಳ ಟಾರ್ಗೆಟ್ ಇರುವುದೂ ಉಂಟು. ಬೈಕಿನ ಕೆಳಗೆ ಕೂತು ಕೈ ಮಸಿ ಮಾಡಿಕೊಂಡ ಹುಡುಗನಿಗೂ ಆ 950 ರೂಪಾಯಿಗೂ ಹೆಚ್ಚಿನ ಸಂಬಂಧವಿಲ್ಲ, ಅವನ ಮೇಲೆ ಸಿಟ್ಟು ಬೇಡ.

ಈಗ ಆಯಿಲ್. ಇದು ಬಿಲ್ಲಿನ ಅತಿ ಮುಖ್ಯ ಸಾಲು, ಮೋಸ ಆಗುವ ಸಾಧ್ಯತೆಯೂ ಇಲ್ಲೇ ಹೆಚ್ಚು.

125 ಸಿಸಿಯ ಹಲವು ಬೈಕುಗಳಲ್ಲಿ ಇಂಜಿನ್ ಪೂರ್ತಿ ಬಿಚ್ಚಿ ಕಟ್ಟಿದಾಗ 1 ಲೀಟರ್ ಆಯಿಲ್ ಹಿಡಿಯುತ್ತದೆ. ಆದರೆ ಸರ್ವಿಸ್‌ನಲ್ಲಿ ಡ್ರೈನ್ ಬೋಲ್ಟ್ ಬಿಚ್ಚಿ ಇಳಿಸಿದಾಗ ಒಳಗಿನ ಸಂದುಗೊಂದುಗಳಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತದೆ, ಹೊಸದಾಗಿ ಹಾಕಬೇಕಾದದ್ದು 0.8 ಲೀಟರ್ ಆಸುಪಾಸು. ನಿಮ್ಮ ಮ್ಯಾನುಯಲ್‌ನ ಕೊನೆಯ ಪುಟಗಳಲ್ಲಿ ಎರಡೂ ಅಂಕಿ ಬೇರೆಬೇರೆ ಕೊಟ್ಟಿರುತ್ತಾರೆ, ನೋಡಿಕೊಳ್ಳಿ. ಈಗ ಬಾಟಲಿ ಒಡೆದು ಹಾಕುವ ಬದಲು ಬ್ಯಾರಲ್‌ನಿಂದ ಗನ್ ಹಿಡಿದು ಹಾಕುವ ವರ್ಕ್‌ಶಾಪುಗಳಿವೆ. ಅದರಲ್ಲಿ ತಪ್ಪಿಲ್ಲ, ಆಯಿಲ್ ಅದೇ. ಆದರೆ 0.8 ಲೀಟರ್ ಹಾಕಿ 1 ಲೀಟರ್‌ಗೆ ಬಿಲ್ ಮಾಡಿದರೆ ಲೀಟರಿಗೆ 430ರ ಲೆಕ್ಕದಲ್ಲಿ ನಿಮಗೆ 86 ರೂ. ನಷ್ಟ. ಬ್ಯಾರಲ್ ಆಯಿಲ್ ಆದರೆ ಬಿಲ್ಲಿನಲ್ಲಿ ಪ್ರಮಾಣ 0.8 ಎಂದೇ ಬರಬೇಕು. ಬಾಟಲಿ ಆದರೆ ಸೀಲ್ ಒಡೆಯುವಾಗ ಎದುರಿಗಿರಿ, ಮಿಕ್ಕಿದ್ದನ್ನು ಬಾಟಲಿ ಸಮೇತ ಮನೆಗೆ ತನ್ನಿ. ಮುಂದೆ ಟಾಪ್‌ಅಪ್‌ಗೆ ಬರುತ್ತದೆ.

ಯಾವ ಆಯಿಲ್ ಎಂಬುದನ್ನೂ ನೋಡಿ. ಗೇರ್ ಇರುವ ಬೈಕಿನಲ್ಲಿ ಇಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೂರೂ ಒಂದೇ ಆಯಿಲಿನಲ್ಲಿ ಮುಳುಗಿರುತ್ತವೆ. ಅದಕ್ಕೇ ಬಾಟಲಿ ಮೇಲೆ ಜಾಸೋ (ಜಪಾನಿನ ವಾಹನ ಮಾನದಂಡ ಸಂಸ್ಥೆ) ಎಂಎ ಅಥವಾ ಎಂಎ2 ಎಂಬ ಗುರುತು ಇರಬೇಕು. ಜಾಸೋ ಎಂಬಿ ಎಂದಿದ್ದರೆ ಅದು ಗೇರ್‌ಲೆಸ್ ಸ್ಕೂಟರಿನದು, ಜಾರುವಿಕೆ ಜಾಸ್ತಿ. ಬೈಕಿಗೆ ಹಾಕಿದರೆ ಕ್ಲಚ್ ಪ್ಲೇಟ್ ಹಿಡಿತ ಕಳೆದುಕೊಳ್ಳುತ್ತದೆ. ಆಕ್ಸಿಲರೇಟರ್ ತಿರುಗಿಸಿದರೆ ಇಂಜಿನ್ ಕೂಗುತ್ತದೆ, ಬೈಕ್ ಮಾತ್ರ ಮುಂದೆ ಹೋಗುವುದಿಲ್ಲ. ಕಾರಿನ ಆಯಿಲ್ ಹಾಕಿದರೂ ಇದೇ ಕಥೆ. ದಪ್ಪದ ಅಂಕಿ, ಅಂದರೆ 10ಡಬ್ಲ್ಯು30 ಅಥವಾ 20ಡಬ್ಲ್ಯು50 ಅನ್ನುವುದು, ಮ್ಯಾನುಯಲ್‌ನಲ್ಲಿ ಏನಿದೆಯೋ ಅದೇ ಇರಲಿ. ‘ಇದು ಫುಲ್ ಸಿಂಥೆಟಿಕ್, 900 ರೂ., ಇಂಜಿನ್ ಸ್ಮೂತ್ ಆಗುತ್ತದೆ’ ಎಂದು ಅಡ್ವೈಸರ್ ಒತ್ತಾಯಿಸಿದರೆ ಒಂದೇ ಪ್ರಶ್ನೆ ಕೇಳಿ: ಇದನ್ನು ಹಾಕಿದರೆ ಆಯಿಲ್ ಬದಲಿಸುವ ಅವಧಿಯನ್ನು ಕಂಪನಿ ಹೆಚ್ಚಿಸುತ್ತದೆಯೆ? ವಾರಂಟಿ ಇರುವಾಗ ಅವಧಿ ಬದಲಾಗುವುದಿಲ್ಲ. 3,000 ಕಿ.ಮೀ.ಗೆ ಬದಲಿಸುವ ಆಯಿಲಿಗೆ ಎರಡು ಪಟ್ಟು ಬೆಲೆ ಕೊಟ್ಟು 125 ಸಿಸಿ ಕಮ್ಯೂಟರ್ ಬೈಕಿನಲ್ಲಿ ಪಡೆಯುವಂಥದ್ದು ಏನೂ ಇಲ್ಲ.

20 ರೂ.ನ ವಾಷರ್ ಬಗ್ಗೆ ಗೊಣಗಬೇಡಿ. ಅದು ಡ್ರೈನ್ ಬೋಲ್ಟಿನ ಕೆಳಗೆ ಕೂರುವ ಮೆತ್ತನೆಯ ಲೋಹದ ಬಿಲ್ಲೆ. ಬಿಗಿದಾಗ ಅಪ್ಪಚ್ಚಿಯಾಗಿ ಸಂದು ಮುಚ್ಚುತ್ತದೆ, ಒಮ್ಮೆ ಅಪ್ಪಚ್ಚಿಯಾದದ್ದು ಎರಡನೇ ಸಲಕ್ಕೆ ಸರಿಯಾಗಿ ಕೂರುವುದಿಲ್ಲ. ಹಳೆಯ ವಾಷರ್ ಹಾಕಿದರೆ ಹನಿ ಸೋರುತ್ತದೆ, ಸೋರುವುದನ್ನು ನಿಲ್ಲಿಸಲು ಮೆಕ್ಯಾನಿಕ್ ಬೋಲ್ಟನ್ನು ಇನ್ನಷ್ಟು ಬಿಗಿಯುತ್ತಾನೆ, ಅಲ್ಯೂಮಿನಿಯಂ ಕೇಸಿನ ಥ್ರೆಡ್ ಕಿತ್ತು ಬರುತ್ತದೆ. ಥ್ರೆಡ್ ರಿಪೇರಿ ಸಾವಿರದ ಲೆಕ್ಕಕ್ಕೆ ಹೋಗಬಹುದು. ಸರ್ವಿಸ್ ಆದ ಮರುದಿನ ಬೆಳಿಗ್ಗೆ ಬೈಕ್ ನಿಂತ ಜಾಗದಲ್ಲಿ ನೆಲ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ತೆರಿಗೆ ವಿಚಾರದಲ್ಲಿ ಒಂದು ಲೆಕ್ಕ ಗೊತ್ತಿದ್ದರೆ ಬಿಲ್ಲನ್ನು ನೀವೇ ತಪಾಸಣೆ ಮಾಡಬಹುದು. ಆಯಿಲ್ ಬಾಟಲಿ ಮತ್ತು ಬಿಡಿಭಾಗದ ಮೇಲಿನ ಎಂಆರ್‌ಪಿಯಲ್ಲಿ ಜಿಎಸ್‌ಟಿ ಸೇರಿಯೇ ಇರುತ್ತದೆ. 430 ರೂ. ಎಂಆರ್‌ಪಿಯ ಆಯಿಲ್ ಅಂದರೆ 364 ರೂ. 41 ಪೈಸೆ ಮೂಲ ಬೆಲೆ, 65 ರೂ. 59 ಪೈಸೆ ಶೇ. 18ರ ತೆರಿಗೆ. ಬಿಲ್ಲಿನಲ್ಲಿ ಮೂಲ ಬೆಲೆಯ ಕಾಲಮಿನಲ್ಲೇ 430 ಬರೆದು ಅದರ ಮೇಲೆ ತೆರಿಗೆ ಹಾಕಿ 507 ರೂ. 40 ಪೈಸೆ ಮಾಡಿದ್ದರೆ ಎಂಆರ್‌ಪಿಗಿಂತ ಹೆಚ್ಚು ವಸೂಲಿ ಮಾಡಿದಂತೆ, ಅದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ. ಕೂಲಿಗೆ ಎಂಆರ್‌ಪಿ ಇಲ್ಲ. ಗೋಡೆಯ ಮೇಲೆ ಬರೆದ ದರದ ಮೇಲೆ ಶೇ. 18 ಸೇರುತ್ತದೆ, 350 ರೂ. ಎಂದಿದ್ದದ್ದು 413 ಆಗುತ್ತದೆ. ಇನ್ನೊಂದು ಮಾತು. 2025ರ ಸೆಪ್ಟೆಂಬರ್ 22ರಿಂದ ದ್ವಿಚಕ್ರ ವಾಹನಗಳ ಬಿಡಿಭಾಗಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಆಯಿಲ್ ಮೊದಲಿನಿಂದಲೂ 18ರಲ್ಲೇ ಇತ್ತು. ಬ್ರೇಕ್ ಶೂ, ಚೈನ್ ಸೆಟ್, ಕೇಬಲ್‌ಗಳಿಗೆ ಇನ್ನೂ 28ರ ಹಳೆಯ ಲೆಕ್ಕ ಹಾಕಿದ್ದರೆ ಕೇಳಿ.

ಬೇಡದ ಮೂರು ಸಾಲುಗಳು ಏಕೆ ಬೇಡ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಮುಂದಿನ ಸಲ ಕೌಂಟರಿನಲ್ಲಿ ನಿಮ್ಮ ಬಾಯಿ ಕಟ್ಟುತ್ತದೆ.

ಇಂಜಿನ್ ಫ್ಲಶ್ ಅಂದರೆ ಹಳೆಯ ಆಯಿಲಿಗೆ ತೆಳ್ಳನೆಯ ದ್ರಾವಕ ಬೆರೆಸಿ ಹತ್ತು ನಿಮಿಷ ಇಂಜಿನ್ ಓಡಿಸಿ ಇಳಿಸುವುದು. ವರ್ಷಗಟ್ಟಲೆ ಆಯಿಲ್ ಬದಲಿಸದೆ ಒಳಗೆ ಟಾರಿನಂಥ ಮಡ್ಡಿ ಕಟ್ಟಿದ ಇಂಜಿನ್ನಿಗೆ ಅದರಿಂದ ಪ್ರಯೋಜನ ಇರಬಹುದು. 6,000 ಕಿ.ಮೀ. ಓಡಿ, ಹೊತ್ತುಹೊತ್ತಿಗೆ ಆಯಿಲ್ ಬದಲಾದ ಇಂಜಿನ್ನಿನಲ್ಲಿ ಮಡ್ಡಿ ಎಲ್ಲಿಂದ ಬರಬೇಕು? ಮೇಲೆ ಹೇಳಿದೆನಲ್ಲ, ಡ್ರೈನ್ ಮಾಡಿದಾಗ ಐದರಲ್ಲೊಂದು ಪಾಲು ಒಳಗೇ ಉಳಿಯುತ್ತದೆ ಎಂದು. ದ್ರಾವಕ ಬೆರೆತ ಆ ಪಾಲು ನೀವು ದುಡ್ಡು ಕೊಟ್ಟು ಹಾಕಿಸಿದ ಹೊಸ ಆಯಿಲನ್ನು ತೆಳ್ಳಗೆ ಮಾಡುತ್ತದೆ. ಆದ್ದರಿಂದ ಹೊಸ ಬೈಕಿಗೆ ಫ್ಲಶ್ ಬೇಡ ಎಂದು ಗಟ್ಟಿಯಾಗಿಯೇ ಹೇಳಿ.

ಟೆಫ್ಲಾನ್ ಪಾಲಿಶ್ ಎಂಬುದು ಬಣ್ಣದ ಮೇಲೆ ತೆಳುವಾದ ಲೇಪ. ಕೆಲವು ಸಲ ತೊಳೆದರೆ, ಒಂದು ಮಳೆಗಾಲ ಕಳೆದರೆ ಹೋಗುತ್ತದೆ. ಅಂಗಡಿಯಲ್ಲಿ ಸಿಗುವ ವ್ಯಾಕ್ಸ್ ಡಬ್ಬಿ ತಂದರೆ ಅದೇ ಕೆಲಸ ಮನೆಯಲ್ಲಿ ಹಲವು ಬಾರಿ ಆಗುತ್ತದೆ. ಪೆಟ್ರೋಲ್ ಅಡಿಟಿವ್ ಮತ್ತು ಅದರ ಅಣ್ಣನಾದ ಇಂಜೆಕ್ಟರ್ ಕ್ಲೀನಿಂಗ್ ಎರಡೂ ತೊಂದರೆ ಕಂಡಾಗ ಮಾಡಿಸುವಂಥವು. ಸ್ಟಾರ್ಟಿಂಗ್ ತಡವಾಗುವುದು, ನಿಂತಲ್ಲೇ ಓಡುವಾಗಿನ ಇಂಜಿನ್ ವೇಗ (ಐಡಲ್) ಏರಿಳಿಯುವುದು, ಎಳೆತದಲ್ಲಿ ಮುಗ್ಗರಿಸುವುದು ಇಂಥ ಲಕ್ಷಣ ಇಲ್ಲದೆ ಸುಮ್ಮನೆ ಹಾಕಿಸಿದರೆ 190 ರೂ. ಟ್ಯಾಂಕಿನಲ್ಲಿ ಉರಿದು ಹೋಗುತ್ತದೆ ಅಷ್ಟೆ.

ಬಿಲ್ಲಿನಲ್ಲಿ ಕಾಣದ, ಆದರೆ ಆಗಲೇಬೇಕಾದ ಕೆಲಸಗಳ ಮಾತಿಗೆ ಬರೋಣ. ನಿಜವಾದ ನಷ್ಟ ಇಲ್ಲಿದೆ. ಕೂಲಿ ಫ್ರೀ ಆಗಿರುವುದರಿಂದ ಮತ್ತು ದಿನಕ್ಕೆ ಹತ್ತಾರು ಗಾಡಿ ಮುಗಿಸಬೇಕಾಗಿರುವುದರಿಂದ ಆಯಿಲ್ ಬದಲಿಸಿ, ನೀರು ಹೊಡೆದು, ಪಾಲಿಶ್ ಒರೆಸಿ ಕಳಿಸುವುದು ಸುಲಭ. ಚಾರ್ಟಿನಲ್ಲಿರುವ ಅಳತೆಯ ಕೆಲಸಗಳು ಬಿಟ್ಟುಹೋಗುತ್ತವೆ. ಫ್ರೀ ಸರ್ವಿಸಿನ ಬೆಲೆ ಇರುವುದೇ ಆ ಕೆಲಸಗಳಲ್ಲಿ.

ಟ್ಯಾಪೆಟ್ ಅದರಲ್ಲಿ ಮೊದಲನೆಯದು. ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು, ಎಷ್ಟು ಎಂಬುದು ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದಲ್ಲಿ ಮ್ಯಾನುಯಲ್‌ನಲ್ಲಿದೆ. ಅದನ್ನು ಅಳೆಯಬೇಕಾದದ್ದು ಇಂಜಿನ್ ಪೂರ್ತಿ ತಣ್ಣಗಿದ್ದಾಗ, ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಲೋಹದ ಪಟ್ಟಿ ಹಾಕಿ. ಬೆಳಿಗ್ಗೆ ಹಳ್ಳಿಯಿಂದ ಓಡಿಸಿಕೊಂಡು ಹೋಗಿ ಬಿಟ್ಟು ಅರ್ಧ ಗಂಟೆಯಲ್ಲಿ ಕೆಲಸಕ್ಕೆ ತೆಗೆದುಕೊಂಡ ಬೈಕಿನಲ್ಲಿ ಈ ಅಳತೆ ಸರಿ ಬರುವುದಿಲ್ಲ. ಇನ್ನು, ‘ಟಕಟಕ ಸದ್ದು ಬರುತ್ತಿದೆ, ಕಡಿಮೆ ಮಾಡಿ’ ಎಂದು ಗಿರಾಕಿಗಳು ಒತ್ತಾಯಿಸುವುದೂ, ಅವರನ್ನು ಸಮಾಧಾನ ಮಾಡಲು ಮೆಕ್ಯಾನಿಕ್ ಕಿವಿಯ ಅಂದಾಜಿನಲ್ಲಿ ಸಂದನ್ನು ಬಿಗಿಯುವುದೂ ದಿನಾ ನಡೆಯುತ್ತದೆ. ಸದ್ದು ಹೋಗುತ್ತದೆ, ಆದರೆ ಇಂಜಿನ್ ಕಾದಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಎಕ್ಸಾಸ್ಟ್ ವಾಲ್ವ್‌ನ ಅಂಚು ಸುಡುತ್ತದೆ, ಕಂಪ್ರೆಷನ್ ಇಳಿಯುತ್ತದೆ, ಸ್ಟಾರ್ಟಿಂಗ್ ಕಷ್ಟವಾಗುತ್ತದೆ, ಕೊನೆಗೆ ಹೆಡ್ ಬಿಚ್ಚಬೇಕಾಗುತ್ತದೆ. ಸಣ್ಣ ಟಿಕ್ ಟಿಕ್ ಸದ್ದು ಆರೋಗ್ಯದ ಲಕ್ಷಣ. ಸರ್ವಿಸ್‌ಗೆ ಹಿಂದಿನ ಸಂಜೆಯೇ ಬೈಕ್ ಬಿಡಿ, ‘ಟ್ಯಾಪೆಟ್ ಕೋಲ್ಡ್‌ನಲ್ಲಿ ಚೆಕ್ ಮಾಡಿ’ ಎಂದು ಜಾಬ್ ಕಾರ್ಡಿನಲ್ಲಿ, ಅಂದರೆ ಮಾಡಬೇಕಾದ ಕೆಲಸ ಬರೆದುಕೊಳ್ಳುವ ಚೀಟಿಯಲ್ಲಿ ಬರೆಸಿ.

ಏರ್ ಫಿಲ್ಟರ್‌ನಲ್ಲಿ ಎರಡು ಜಾತಿ. ಸ್ಪಂಜಿನದಾದರೆ ತೊಳೆದು, ಒಣಗಿಸಿ, ಆಯಿಲ್ ಸವರಿ ಮತ್ತೆ ಹಾಕಬಹುದು. ಈಗಿನ ಬಹುಪಾಲು ಕಮ್ಯೂಟರ್ ಬೈಕುಗಳಲ್ಲಿ ಇರುವುದು ಆಯಿಲಿನಂಥ ಅಂಟು ಸವರಿದ ಕಾಗದದ ಫಿಲ್ಟರ್. ಅದನ್ನು ತೊಳೆಯಲೂ ಬಾರದು, ಗಾಳಿ ಹೊಡೆಯಲೂ ಬಾರದು. ಗಾಳಿ ಹೊಡೆದರೆ ಅಂಟು ಹಾರಿ, ಕಾಗದದ ರಂಧ್ರ ಹಿಗ್ಗಿ, ದೂಳು ನೇರ ಸಿಲಿಂಡರಿಗೆ ಹೋಗುತ್ತದೆ. ಇಂಥ ಫಿಲ್ಟರಿಗೆ ‘ಕ್ಲೀನಿಂಗ್ ಚಾರ್ಜ್’ ಹಾಕಿದ್ದರೆ ಅದು ದುಡ್ಡೂ ದಂಡ, ಇಂಜಿನ್ನಿಗೂ ಕೇಡು. ಅವಧಿ ಮುಗಿದಾಗ ಬದಲಿಸಬೇಕು, ಅಲ್ಲಿಯವರೆಗೆ ಮುಟ್ಟಬಾರದು. ಆದರೆ ಮ್ಯಾನುಯಲ್‌ನ ಅವಧಿ ಸಾಧಾರಣ ರಸ್ತೆಗೆ ಹೇಳಿದ್ದು. ನಿಮ್ಮ ಹಳ್ಳಿಯ ರಸ್ತೆ ಕಚ್ಚಾ ಆಗಿದ್ದರೆ, ಕಬ್ಬಿನ ಲಾರಿ, ಟ್ರ್ಯಾಕ್ಟರುಗಳ ದೂಳಿನ ಹಿಂದೆ ದಿನಾ ಹೋಗುವುದಾದರೆ ಮೊದಲೇ ಬದಲಿಸಿ.

ಚೈನ್‌ನ 140 ರೂ. ಬಗ್ಗೆ ನಿಧಾನವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಕೆಲಸದ ಕ್ರಮವೇ ಎಲ್ಲ. ಪ್ರೆಷರ್ ವಾಷರ್‌ನಲ್ಲಿ ನೀರು ಹೊಡೆದ ಒದ್ದೆ ಚೈನಿನ ಮೇಲೆಯೇ ಸ್ಪ್ರೇ ಹೊಡೆದರೆ ನೀರು ಒಳಗೆ, ಲೂಬ್ ಹೊರಗೆ. ಒಂದು ವಾರದಲ್ಲಿ ಕೆಂಪು ತುಕ್ಕು. ಚೈನನ್ನು ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್‌ನಲ್ಲಿ ಬ್ರಷ್ ಹಾಕಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಆಮೇಲೆ ಒಳಮಗ್ಗುಲಿಗೆ ಲೂಬ್ ಅಥವಾ 90 ಗ್ರೇಡ್ ಗೇರ್ ಆಯಿಲ್ ಹಾಕಬೇಕು. ಮುಚ್ಚಿದ ಚೈನ್ ಕವರ್ ಇರುವ ಬೈಕಾದರೆ ಕವರ್ ಬಿಚ್ಚಿಯೇ ಮಾಡಬೇಕು, ಮೇಲಿನ ರಬ್ಬರ್ ಮುಚ್ಚಳ ತೆಗೆದು ಎರಡು ಹನಿ ಬಿಡುವುದು ಸರ್ವಿಸ್ ಅಲ್ಲ. ನಂತರ ಬಿಗಿತ. ಕಮ್ಯೂಟರ್ ಬೈಕುಗಳಲ್ಲಿ ಕೆಳಗಿನ ಚೈನಿನ ನಡುಭಾಗ ಬೆರಳಿನಲ್ಲಿ ಎತ್ತಿದರೆ 20ರಿಂದ 30 ಮಿ.ಮೀ. ಸುತ್ತಮುತ್ತ ಆಡಬೇಕು. ತೀರಾ ಬಿಗಿದರೆ ಹಿಂದಿನ ಚಕ್ರದ ಬೇರಿಂಗೂ ಮುಂದಿನ ಸ್ಪ್ರಾಕೆಟ್ ಕೂತ ಶಾಫ್ಟಿನ ಬೇರಿಂಗೂ ಸವೆಯುತ್ತವೆ, ಸಡಿಲವಿದ್ದರೆ ಗೇರ್ ಬದಲಿಸಿದಾಗ ಜಗ್ಗುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಉಪ್ಪುಗಾಳಿ ಮತ್ತು ಮಳೆಗೆ, ಶಿವಮೊಗ್ಗ, ಕೊಡಗಿನ ಮಳೆಗಾಲಕ್ಕೆ ಸರ್ವಿಸಿನಿಂದ ಸರ್ವಿಸಿಗೆ ಕಾಯುವಂತೆಯೇ ಇಲ್ಲ. ದಾವಣಗೆರೆಯಲ್ಲೂ 500 ಕಿ.ಮೀ.ಗೊಮ್ಮೆ, ಅಂದರೆ ನಿಮ್ಮ ಓಡಾಟಕ್ಕೆ ತಿಂಗಳಿಗೆ ಎರಡು ಸಲ, ಮನೆಯಲ್ಲೇ ಮಾಡಿಕೊಳ್ಳುವುದು ಒಳ್ಳೆಯದು. ಹಾಗೆ ಮಾಡುವವರು ಶೋರೂಮಿನ 140 ಕೊಡಬೇಕಿಲ್ಲ, ಬಿಗಿತ ನೋಡುವುದು ಫ್ರೀ ಕೂಲಿಯಲ್ಲೇ ಬರುತ್ತದೆ.

ಬ್ರೇಕ್, ಕ್ಲಚ್ ಕೇಬಲಿನ ಆಟ, ಟೈರಿನ ಗಾಳಿ, ಹ್ಯಾಂಡಲಿನ ಬೇರಿಂಗು, ಇಂಜಿನ್ ಮೌಂಟಿಂಗ್ ಬೋಲ್ಟುಗಳು, ಬ್ಯಾಟರಿ ಟರ್ಮಿನಲ್ ಇವೆಲ್ಲ ಚಾರ್ಟಿನಲ್ಲಿವೆ, ಇವಕ್ಕೆ ಬೇರೆ ಕೂಲಿ ಹಾಕುವಂತಿಲ್ಲ. ಕನ್ಸ್ಯೂಮಬಲ್ಸ್ ಅಂದರೆ ಗ್ರೀಸ್, ಒರೆಸುವ ಬಟ್ಟೆ, ಕ್ಲೀನರ್ ಇಂಥವು. 20–30 ರೂ. ಆದರೆ ಮಾತಿಲ್ಲ, 100 ರೂ. ಹಾಕಿದರೆ ಪಟ್ಟಿ ಕೊಡಲಿ.

ವಾರಂಟಿಯ ಪ್ರಶ್ನೆಗೆ ನೇರ ಉತ್ತರ: ನಿಗದಿತ ಸರ್ವಿಸನ್ನು ಊರಿನ ಮೆಕ್ಯಾನಿಕ್ ಹತ್ತಿರ ಮಾಡಿಸಿದರೆ ವಾರಂಟಿ ನಿರಾಕರಿಸಲು ಕಂಪನಿಗೆ ಕಾರಣ ಸಿಗುತ್ತದೆ. ನಮ್ಮಲ್ಲಿನ ದ್ವಿಚಕ್ರ ಕಂಪನಿಗಳ ವಾರಂಟಿ ಷರತ್ತುಗಳಲ್ಲಿ ಸಾಮಾನ್ಯವಾಗಿ ಇರುವುದು ಹೀಗೆ. ಎಲ್ಲ ಸರ್ವಿಸುಗಳೂ, ಫ್ರೀ ಮುಗಿದ ಮೇಲಿನ ಪೇಯ್ಡ್ ಸರ್ವಿಸುಗಳೂ ಸೇರಿ, ಅಧಿಕೃತ ವರ್ಕ್‌ಶಾಪಿನಲ್ಲೇ, ಹೇಳಿದ ಅವಧಿಯಲ್ಲೇ, ಹೇಳಿದ ಆಯಿಲಿನಲ್ಲೇ ಆಗಬೇಕು. ಅವಧಿ ಎಂದರೆ ಕಿಲೋಮೀಟರ್ ಅಥವಾ ದಿನ, ಯಾವುದು ಮೊದಲೋ ಅದು. ಬಹಳ ಜನ ಎಡವುವುದು ದಿನದ ಲೆಕ್ಕದಲ್ಲಿ. ನಿಮಗೆ ತಿಂಗಳಿಗೆ ಸಾವಿರ ಕಿ.ಮೀ. ಆಗುವುದರಿಂದ ಕಿಲೋಮೀಟರೇ ಮೊದಲು ಬರುತ್ತದೆ. ಆದರೆ ಕಾಲೇಜಿಗೆ ಮಾತ್ರ ಓಡಿಸುವ ಹುಡುಗರು, ಭಾನುವಾರ ಮಾತ್ರ ಬೈಕ್ ತೆಗೆಯುವ ಹಿರಿಯರು ‘ಇನ್ನೂ 1,500 ಕಿ.ಮೀ. ಆಗಿಲ್ಲ’ ಎಂದು ಸುಮ್ಮನಿದ್ದು ತಾರೀಖು ದಾಟಿಸಿಬಿಡುತ್ತಾರೆ. ಮುಂದೆ ಇಂಜಿನ್ ಕೈಕೊಟ್ಟಾಗ ಆ ಒಂದು ತಪ್ಪಿದ ಸ್ಟಾಂಪ್ ಎದುರಿಗೆ ಬರುತ್ತದೆ. ಸರ್ವಿಸ್ ಪುಸ್ತಕದಲ್ಲಿ ತಾರೀಖು, ಓಡೋಮೀಟರ್, ಸ್ಟಾಂಪ್ ಮೂರೂ ಬಿದ್ದಿದೆಯೇ ನೋಡಿ, ಇನ್ವಾಯ್ಸುಗಳನ್ನು ಒಂದು ಕವರಿನಲ್ಲಿ ಇಟ್ಟುಕೊಳ್ಳಿ.

ಪಂಕ್ಚರ್, ಬಲ್ಬ್, ಚೈನ್ ಸ್ವಚ್ಛತೆ, ಕೇಬಲಿಗೆ ಎಣ್ಣೆ, ತೊಳೆಯುವುದು ಇವನ್ನು ಎಲ್ಲಿ ಬೇಕಾದರೂ ಮಾಡಿಸಿ. ವಯರಿಂಗ್ ಮಾತ್ರ ಮುಟ್ಟಿಸಬೇಡಿ. ಜೋರು ಹಾರ್ನ್, ಎಕ್ಸ್‌ಟ್ರಾ ಲೈಟ್, ಸೆಂಟ್ರಲ್ ಲಾಕ್ ಹಾಕಿಸಲು ಒಮ್ಮೆ ವಯರ್ ಕತ್ತರಿಸಿ ಟೇಪ್ ಸುತ್ತಿದರೆ ಎಲೆಕ್ಟ್ರಿಕಲ್ ವಾರಂಟಿ ಮುಗಿದ ಹಾಗೆ. ಬಿಎಸ್6 (ಹೊಗೆ ನಿಯಂತ್ರಣದ ಈಗಿನ ಮಾನದಂಡ) ಬೈಕಿನಲ್ಲಿ ಇಂಜಿನ್ನನ್ನೇ ಎಲೆಕ್ಟ್ರಾನಿಕ್ಸ್ ನಡೆಸುವುದರಿಂದ ಇದು ಸಣ್ಣ ಮಾತಲ್ಲ. ಬ್ರೇಕ್ ಶೂ, ಕ್ಲಚ್ ಪ್ಲೇಟ್, ಚೈನ್ ಸೆಟ್, ಕೇಬಲ್, ಫಿಲ್ಟರ್, ಪ್ಲಗ್ ಇಂಥ ಸವೆಯುವ ಭಾಗಗಳು ಮೊದಲಿನಿಂದಲೂ ವಾರಂಟಿಯ ಹೊರಗೇ ಇರುತ್ತವೆ. ಟೈರು, ಬ್ಯಾಟರಿಗಳಿಗೆ ಅವುಗಳ ತಯಾರಕರ ಬೇರೆ ವಾರಂಟಿ.

ನಿಮ್ಮ ಮೆಕ್ಯಾನಿಕ್ ಹೇಳಿದ 250 ರೂ. ನ್ಯಾಯವಾದ ಕೂಲಿಯೇ. ವಾರಂಟಿ ಮುಗಿದ ಮೇಲೆ ಅವನಲ್ಲಿಗೆ ಧಾರಾಳವಾಗಿ ಹೋಗಿ. ಈಗ ಹೋದರೆ ಉಳಿಯುವುದು ಎಷ್ಟು, ಒತ್ತೆ ಇಡುವುದು ಎಷ್ಟು ನೋಡಿ. ಫ್ರೀ ಕೂಪನ್ ಇರುವಾಗ ಶೋರೂಮಿನಲ್ಲಿ ಕೂಲಿ ಸೊನ್ನೆ, ಅವನಿಗೆ 250. ಅಂದರೆ ಉಳಿಯುವ ಮಾತೇ ಇಲ್ಲ. ಪೇಯ್ಡ್ ಸರ್ವಿಸ್ ಶುರುವಾದ ಮೇಲೆ ಸಲಕ್ಕೆ 150 ರೂ. ಆಸುಪಾಸು ಉಳಿದೀತು. ಅದಕ್ಕಾಗಿ ಹಲವು ವರ್ಷಗಳ ಇಂಜಿನ್ ವಾರಂಟಿ ಬಿಟ್ಟುಕೊಡಬೇಡಿ.

ವರ್ಷದ ಖರ್ಚು. ನಿಮ್ಮದು ವರ್ಷಕ್ಕೆ 12,000 ಕಿ.ಮೀ. ಎಂದಿಟ್ಟುಕೊಳ್ಳೋಣ. ಮೊತ್ತ ನಿರ್ಧಾರವಾಗುವುದು ನಿಮ್ಮ ಕಂಪನಿಯ ಸರ್ವಿಸ್ ಅಂತರ ಎಷ್ಟು ಎಂಬುದರ ಮೇಲೆ. ನಿಮ್ಮ ಬಿಲ್ಲಿನ ದರವನ್ನೇ ಹಿಡಿದರೆ ಒಂದು ಪೇಯ್ಡ್ ಸರ್ವಿಸ್‌ಗೆ ಆಯಿಲ್ 430, ವಾಷರ್ 20, ಚೈನ್ 140, ಕೂಲಿ ತೆರಿಗೆ ಸೇರಿ 413, ಒಟ್ಟು 1,003 ರೂ. 3,000 ಕಿ.ಮೀ.ಗೊಮ್ಮೆ ಸರ್ವಿಸ್ ಆದರೆ ವರ್ಷಕ್ಕೆ ನಾಲ್ಕು, ಸುಮಾರು 4,000. ಇದರ ಮೇಲೆ ವರ್ಷಕ್ಕೊಂದು ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಒಂದು ಜೊತೆ ಬ್ರೇಕ್ ಶೂ ಎಂದು 800 ರೂ. ಇಡಿ. 4,800 ರೂ. ಆಯಿತು, ಕಿಲೋಮೀಟರಿಗೆ 40 ಪೈಸೆ. 6,000 ಕಿ.ಮೀ. ಅಂತರದ ಬೈಕಾದರೆ ಎರಡೇ ಸರ್ವಿಸ್, 2,800 ರೂ., ಕಿಲೋಮೀಟರಿಗೆ 23 ಪೈಸೆ. ಹೊಸ ಬೈಕ್ ಆರಿಸುವವರು ಮೈಲೇಜನ್ನು ಮಾತ್ರ ಹೋಲಿಸುತ್ತಾರೆ, ಈ ಅಂತರವನ್ನು ಕೇಳುವವರೇ ಇಲ್ಲ.

ಇದರ ಪಕ್ಕದಲ್ಲಿ ಪೆಟ್ರೋಲ್ ಇಟ್ಟು ನೋಡಿ. ಲೀಟರಿಗೆ 55 ಕಿ.ಮೀ., ಬೆಲೆ 103 ರೂ. ಎಂದರೆ 12,000 ಕಿ.ಮೀ.ಗೆ 218 ಲೀಟರ್, ಹತ್ತಿರ ಹತ್ತಿರ 22,500 ರೂ. ಟೈರಿನಲ್ಲಿ ಗಾಳಿ ಕಡಿಮೆಯಾಗಿ, ಚೈನ್ ಒಣಗಿ, ಬ್ರೇಕ್ ಉಜ್ಜುತ್ತ ಮೈಲೇಜ್ 55ರಿಂದ 50ಕ್ಕೆ ಇಳಿದರೆ ವರ್ಷಕ್ಕೆ 22 ಲೀಟರ್, 2,250 ರೂ. ಹೆಚ್ಚು ಸುಡುತ್ತದೆ. ಎರಡು ಪೇಯ್ಡ್ ಸರ್ವಿಸಿನ ದುಡ್ಡು ಅದು.

ವರ್ಷದ ಪ್ಯಾಕೇಜ್, ಅಂದರೆ ಎಎಂಸಿ ತೆಗೆದುಕೊಳ್ಳಿ ಎಂದು ಹೇಳಿಯೇ ಹೇಳುತ್ತಾರೆ. ತೆಗೆದುಕೊಳ್ಳುವ ಮೊದಲು ಅದರಲ್ಲಿ ಎಷ್ಟು ಸರ್ವಿಸಿನ ಕೂಲಿ ಇದೆ, ಆಯಿಲ್ ಸೇರಿದೆಯೆ, ಬೇರೆ ಊರಿನ ಡೀಲರಲ್ಲೂ ನಡೆಯುತ್ತದೆಯೆ ಎಂದು ಕೇಳಿ. ಫ್ರೀ ಕೂಪನ್ ಬಾಕಿ ಇರುವಾಗ ಎಎಂಸಿ ತೆಗೆದುಕೊಂಡರೆ ಫ್ರೀ ಇದ್ದ ಕೂಲಿಗೇ ದುಡ್ಡು ಕಟ್ಟಿದಂತೆ. ಬಿಡಿ ಕೂಲಿಯ ಮೊತ್ತವನ್ನು ಸರ್ವಿಸಿನ ಸಂಖ್ಯೆಗೆ ಗುಣಿಸಿ ನೋಡಿ, ಪ್ಯಾಕೇಜಿನ ‘ಪಾಲಿಶ್ ಫ್ರೀ, ವಾಷ್ ಫ್ರೀ’ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಮುಂದಿನ ಸಲ ಬೈಕ್ ಬಿಡುವಾಗ ಹೀಗೆ ಮಾಡಿ. ಮ್ಯಾನುಯಲ್‌ನಲ್ಲಿರುವ ಸರ್ವಿಸ್ ಚಾರ್ಟ್ ಪುಟದ ಫೋಟೊ ಮೊಬೈಲಿನಲ್ಲಿರಲಿ. ನಿಮ್ಮ 9,000 ಕಿ.ಮೀ. ಸರ್ವಿಸಿನ ಕಾಲಮಿನಲ್ಲಿ ಯಾವುದರ ಎದುರು ‘ಬದಲಿಸಿ’, ಯಾವುದರ ಎದುರು ‘ಪರಿಶೀಲಿಸಿ’ ಎಂದಿದೆ ಎಂದು ಮೊದಲೇ ನೋಡಿರಿ. ಓಡೋಮೀಟರ್ ಮತ್ತು ಪೆಟ್ರೋಲ್ ಮಟ್ಟದ ಫೋಟೊ ತೆಗೆಯಿರಿ. ದೂರು ಇದ್ದರೆ ಲಕ್ಷಣ ಹೇಳಿ, ಪರಿಹಾರ ಹೇಳಬೇಡಿ. ‘ಕ್ಲಚ್ ಬದಲಿಸಿ’ ಎನ್ನುವ ಬದಲು ‘ಮೂರನೇ ಗೇರಿನಲ್ಲಿ ಏರು ಹತ್ತುವಾಗ ಇಂಜಿನ್ ಕೂಗುತ್ತದೆ, ಎಳೆಯುವುದಿಲ್ಲ’ ಎಂದರೆ ಕೇಬಲ್ ಸರಿಪಡಿಸಿದರೇ ಸಾಕಾದೀತು. ಜಾಬ್ ಕಾರ್ಡಿಗೆ ಸಹಿ ಹಾಕುವ ಮೊದಲು ಅಂದಾಜು ಮೊತ್ತ ಬರೆಸಿ, ಅದರ ಕೆಳಗೆ ನಿಮ್ಮ ಕೈಯಲ್ಲೇ ‘ಫೋನ್ ಮಾಡಿ ಕೇಳದೆ ಬೇರೆ ಕೆಲಸ ಮಾಡಬಾರದು, ಫ್ಲಶ್, ಪಾಲಿಶ್, ಅಡಿಟಿವ್ ಬೇಡ, ಹಳೆಯ ಭಾಗ ವಾಪಸ್ ಕೊಡಿ’ ಎಂದು ಬರೆದು ಸಹಿ ಹಾಕಿ. ಕಾರ್ಡಿನ ಪ್ರತಿ ಇಸಿದುಕೊಳ್ಳಿ, ಕೊಡದಿದ್ದರೆ ಫೋಟೊ ಸಾಕು.

ತೆಗೆದುಕೊಂಡು ಹೋಗುವಾಗ ಐದು ನಿಮಿಷ ಕೊಡಿ. ಇಂಜಿನ್ ಎರಡು ಮೂರು ನಿಮಿಷ ಓಡಿಸಿ ನಿಲ್ಲಿಸಿ, ಇನ್ನೊಂದೆರಡು ನಿಮಿಷ ಬಿಟ್ಟು, ಬೈಕನ್ನು ಮೇನ್ ಸ್ಟ್ಯಾಂಡ್ ಮೇಲೆ ನೆಟ್ಟಗೆ ನಿಲ್ಲಿಸಿ ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ಅಳೆಯುವ ಕಡ್ಡಿ ನೋಡಿ. ಸೈಡ್ ಸ್ಟ್ಯಾಂಡಿನಲ್ಲಿ ಅಳತೆ ಸುಳ್ಳು. ಎಷ್ಟೋ ಮಾಡೆಲ್‌ಗಳಲ್ಲಿ ಡಿಪ್‌ಸ್ಟಿಕ್ಕನ್ನು ತಿರುಗಿಸಿ ಬಿಗಿಯದೆ ಬಾಯಿಯ ಮೇಲೆ ಇಟ್ಟಷ್ಟೇ ಅಳೆಯಬೇಕು, ಮ್ಯಾನುಯಲ್ ಏನನ್ನುತ್ತದೋ ಹಾಗೆ. ಮೇಲಿನ ಗೆರೆ ದಾಟಿದ್ದರೆ ಅದೂ ತಪ್ಪೇ. ಹೆಚ್ಚಾದ ಆಯಿಲ್ ಬ್ರೀದರ್ ಪೈಪಿನಿಂದ ಏರ್ ಫಿಲ್ಟರ್ ಡಬ್ಬಿಗೆ ಉಗುಳಿ ಬರುತ್ತದೆ. ಚೈನ್ ಒಂದು ಸುತ್ತು ತಿರುಗಿಸಿ ನೋಡಿ, ಎರಡೂ ಬ್ರೇಕ್ ಒತ್ತಿ, ಹಾರ್ನ್, ಇಂಡಿಕೇಟರ್ ನೋಡಿ, ಆವರಣದಲ್ಲೇ ಒಂದು ರೌಂಡ್ ಹೊಡೆಯಿರಿ. ಆಗಷ್ಟೇ ತೊಳೆದ ಬೈಕಿನ ಬ್ರೇಕ್ ಒದ್ದೆಯಿದ್ದು ಹಿಡಿಯುವುದಿಲ್ಲ, ಗೇಟು ದಾಟುವ ಮೊದಲು ನಾಲ್ಕು ಸಲ ಮೆಲ್ಲಗೆ ಹಿಡಿದು ಒಣಗಿಸಿಕೊಳ್ಳಿ. ದುಡ್ಡು ಕೊಡುವುದು ಇದೆಲ್ಲ ಆದ ಮೇಲೆ.

ಈಗ ಕೊಟ್ಟಿರುವ 950 ರೂ. ವಾಪಸ್ ಬರುತ್ತದೆಯೆ ಎಂದರೆ, ನೀವು ಸಹಿ ಹಾಕಿದ ಜಾಬ್ ಕಾರ್ಡಿನಲ್ಲಿ ಆ ಮೂರು ಕೆಲಸ ಇದ್ದವೇ ಎಂದು ಮೊದಲು ನೋಡಬೇಕು. ಇದ್ದು ಸಹಿ ಹಾಕಿದ್ದರೆ ನಿಮ್ಮ ವಾದ ದುರ್ಬಲ. ಇರಲಿಲ್ಲ ಅಥವಾ ಸಹಿಯ ನಂತರ ಸೇರಿಸಿದ್ದಾರೆ ಎಂದಾದರೆ ಬಿಲ್ಲು, ಕಾರ್ಡು ಎರಡನ್ನೂ ಹಿಡಿದು ಸರ್ವಿಸ್ ಮ್ಯಾನೇಜರನ್ನೇ ಕಾಣಿ, ಅಡ್ವೈಸರ್ ಜೊತೆ ವಾದಕ್ಕೆ ನಿಲ್ಲಬೇಡಿ. ಒಪ್ಪದಿದ್ದರೆ ಕಂಪನಿಯ ಕಸ್ಟಮರ್ ಕೇರ್‌ಗೆ ಇಮೇಲ್ ಬರೆಯಿರಿ. ಬರಹದಲ್ಲಿ ಇರುವುದು ಮುಖ್ಯ, ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಉಳಿಯುವುದಿಲ್ಲ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅದರ ಮೇಲೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಘಟನೆಯಾದ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. 950 ರೂ.ಗೆ ಅಲ್ಲಿವರೆಗೆ ಹೋಗಬೇಕಾಗುವುದು ಅಪರೂಪ, ಇಮೇಲ್ ಹಂತದಲ್ಲೇ ಇತ್ಯರ್ಥವಾಗುವುದೇ ಹೆಚ್ಚು. ಹಾಗೇ, ಫ್ಲಶ್ ಮಾಡಿದ್ದೇ ನಿಜವಾದರೆ ಈಗಿನ ಆಯಿಲನ್ನು ಮುಂದಿನ ಅವಧಿಯವರೆಗೆ ಎಳೆಯಬೇಡಿ. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡುತ್ತಿರಿ, ಆಯಿಲ್ ಬೇಗ ಕಪ್ಪಾಗಿ ನೀರಿನಂತೆ ತೆಳ್ಳಗೆ ಕಂಡರೆ ಅದೇ ವರ್ಕ್‌ಶಾಪಿಗೆ ಹೋಗಿ, 9,000 ಬರುವ ಮೊದಲೇ ಬದಲಿಸಿಕೊಡಿ ಎಂದು ಕೇಳಿ.